ಹಳೆ ಕಾರು ಆಯಿಲ್ ಕುಡಿಯುವುದು ನಿಂತಿತು

ಕಾರಿನ ಕೆಳಗೆ ಒಂದು ತೊಟ್ಟೂ ಸೋರುತ್ತಿರಲಿಲ್ಲ. ಆದರೂ ಡಿಪ್‌ಸ್ಟಿಕ್ ತೆಗೆದಾಗಲೆಲ್ಲ ಆಯಿಲ್ ಕಮ್ಮಿ.

ಸುಳಿವು ಸಿಕ್ಕಿದ್ದು ದೇವರಾಯನದುರ್ಗದ ಬೆಟ್ಟದಲ್ಲಿ. ಗೇರಿನಲ್ಲೇ ಇಳಿದು ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ. ಹತ್ತುವಾಗ ಏನೂ ಇಲ್ಲ! ಪಿಸ್ಟನ್ ಸುತ್ತ ಆಯಿಲ್, ಗ್ಯಾಸ್ ತಡೆಯುವ ರಿಂಗ್ ಸವೆದಿದ್ದರೆ ಹತ್ತುವಾಗಲೇ ಹೊಗೆ ಬರಬೇಕಿತ್ತು, ಅಲ್ವಾ? ಇಳಿಯುವಾಗ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಮುಚ್ಚಿರುತ್ತದೆ, ಒಳಗೆ ಎಳೆತ ಜಾಸ್ತಿ. ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್ ಸೀಲ್ ಹಾಳಾಗಿದ್ದರೆ ಆಯಿಲ್ ಅಲ್ಲಿಂದ ಒಳಗಿಳಿಯುತ್ತದೆ.

ತುಮಕೂರಿನ ಒಬ್ಬ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ, 'ಇಂಜಿನ್ ಬೋರ್ ಮಾಡಿಸಿ ಸಾರ್' ಅಂದರು, ಅಂದರೆ ಸಿಲಿಂಡರ್ ಕೊರೆಸುವ ದೊಡ್ಡ ಕೆಲಸ. ಇನ್ನೊಬ್ಬರ ಹತ್ತಿರ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿದೆ. ಎಲ್ಲ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ. ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೂ ರೀಡಿಂಗ್ ಅಷ್ಟೇನೂ ಏರಲಿಲ್ಲ. ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಏರಬೇಕಿತ್ತು; ಹಾಗಾಗಿ ರಿಂಗ್ ಚೆನ್ನಾಗಿದೆ ಅಂತಾಯಿತು. ಇಂಜಿನ್ ಮೇಲಿನ ಹೆಡ್ ಬಿಚ್ಚದೆ, ಅದೇ ತೂತಿನಿಂದ ಗಾಳಿ ತುಂಬಿ, ವಾಲ್ವ್ ಒಳಗೆ ಬೀಳದಂತೆ ತಡೆದು ಸೀಲ್ ಬದಲಿಸಿದರು. ಹಳೆಯವು ಉಗುರಿನಲ್ಲಿ ಒತ್ತಿದರೆ ಚಟ್ ಅಂತ ಮುರಿಯುತ್ತಿದ್ದವು. ಇಂಜಿನ್ ಕೆಳಭಾಗದ ಗ್ಯಾಸನ್ನು ಹೊರಗೆಳೆಯುವ, ಕಟ್ಟಿಕೊಂಡಿದ್ದ ಪಿಸಿವಿ ವಾಲ್ವನ್ನೂ ಬದಲಿಸಿದೆವು.

ಈಗ ಹೊಗೆಯಿಲ್ಲ. ಇದನ್ನು ನೋಡಿ ತಮ್ಮನಿಗೆ ಸೂಪರ್‌ಚಾರ್ಜರ್, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪ್, ಹಾಕಿಸುವ ಆಸೆ ಹುಟ್ಟಿದೆ. ಗಾಳಿ ತುರುಕಿದಷ್ಟೂ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸ್ ಜಾಸ್ತಿ, ಇಂಧನ ಹೊತ್ತಲ್ಲದ ಹೊತ್ತಲ್ಲಿ ಉರಿದು ಟಕಟಕ ಅನ್ನುವ ನಾಕಿಂಗ್ ಕಾಟ ಬೇರೆ. ಮೊದಲು ಆರ್‌ಟಿಒ ಒಪ್ಪಿಗೆ ತಗೊಂಡು ಬಾ ಅಂದಿದ್ದೇನೆ.