ನಮ್ಮ ಅಟ್ಟದ ಫ್ಲಾಪಿಗಳಿಗೆ ಮನೆ ಹುಡುಕಿದ್ದು

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1993ರಿಂದ ಹದಿನಾರು ವರ್ಷ ನಾನು ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವ ಡಿಟಿಪಿ ಅಂಗಡಿ ನಡೆಸಿದೆ. ಲಗ್ನಪತ್ರಿಕೆ, ಶಾಲೆಯ ವಾರ್ಷಿಕ ಸಂಚಿಕೆ, ಕವನ ಸಂಕಲನ, ಚುನಾವಣೆಯ ಕರಪತ್ರ, ಯಾವುದನ್ನು ಜೋಡಿಸಿದರೂ ಅದರದೊಂದು ಪ್ರತಿ ಫ್ಲಾಪಿಯಲ್ಲಿ, ಎಂದರೆ ಕಂಪ್ಯೂಟರಿನ ಕಡತ ತುಂಬಿಡುವ ಚಪ್ಪಟೆ ಕಾಂತೀಯ ತಟ್ಟೆಯಲ್ಲಿ, ಉಳಿಯುತ್ತಿತ್ತು. ಕಳೆದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಮೂರು ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದೆವು. ಎಣಿಸಿದರೆ 412 ಫ್ಲಾಪಿಗಳು. ಗುಜರಿಯವನು ತೂಕಕ್ಕೂ ಬೇಡವೆಂದ.

ಎಸೆಯಲು ನನಗೆ ಮನಸ್ಸಾಗಲಿಲ್ಲ. ಸೋನಿಯಂಥ ಸೋನಿಯೇ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಈಗ ಉಳಿದಿರುವುದು ಹಳೆಯ ದಾಸ್ತಾನು ಮಾತ್ರ. ಹಳೆಯ ಕಂಪ್ಯೂಟರುಗಳನ್ನು ದುರಸ್ತಿ ಮಾಡಿ ಓಡಿಸುವ ಹವ್ಯಾಸಿಗಳು ನಮ್ಮ ಊರಿನಲ್ಲೂ ಇದ್ದಾರೆಂದು ಕೇಳಿದ್ದೆ. ಅವರ ಕೈಗೆ ತಲುಪಿಸಬೇಕು ಎಂದುಕೊಂಡೆ.

ಮೊದಲು ವಿಂಗಡಣೆ. ಇದಕ್ಕೇ ಒಂದು ತಿಂಗಳು ಹಿಡಿಯಿತು. ಹೊರಗಿನವರಿಗೆ ಎಲ್ಲ ಫ್ಲಾಪಿಯೂ ಒಂದೇ, ಹವ್ಯಾಸಿಗೆ ಹಾಗಲ್ಲ. ಮೂರೂವರೆ ಇಂಚಿನ ಗಟ್ಟಿ ಫ್ಲಾಪಿಯ ಒಂದು ಮೂಲೆಯಲ್ಲಿ ಬರಹ ತಡೆಯುವ ಕಿಂಡಿ ಇರುತ್ತದೆ. ಎದುರು ಮೂಲೆಯಲ್ಲೂ ಕಿಂಡಿ ಇದ್ದರೆ ಅದು 1.44 ಎಂಬಿಯದು, ಇಲ್ಲದಿದ್ದರೆ 720 ಕೆಬಿಯದು. ನಮ್ಮ ಕಾಲದಲ್ಲಿ ಕಡಿಮೆ ಹಿಡಿಸುತ್ತದೆಂದು ಮೂಲೆಗೆ ತಳ್ಳಿದ್ದ 720ರದ್ದಕ್ಕೇ ಇಂದು ಬೇಡಿಕೆ. ಅಮಿಗಾ, ಅಟಾರಿ ಎಸ್‌ಟಿಯಂಥ ಹಳೆಯ ಕಂಪ್ಯೂಟರುಗಳು ಬಯಸುವುದು ಅದನ್ನೇ. 1.44ರ ಕಿಂಡಿಗೆ ಟೇಪು ಅಂಟಿಸಿ ಬಳಸುವವರಿದ್ದಾರೆ, ಆದರೆ ಅದರ ಕಾಂತೀಯ ಲೇಪನವೇ ಬೇರೆಯಾದ್ದರಿಂದ ಬರೆದದ್ದು ನಿಲ್ಲುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಐದೂಕಾಲು ಇಂಚಿನ ಬಳುಕುವ ಫ್ಲಾಪಿಯಲ್ಲಿ ಗುರುತು ಹಿಡಿಯುವುದು ಇನ್ನೂ ಕಷ್ಟ. ನಡುವಿನ ದೊಡ್ಡ ತೂತಿನ ಸುತ್ತ ಗಟ್ಟಿ ಉಂಗುರವಿದ್ದರೆ ಹೆಚ್ಚಾಗಿ 360 ಕೆಬಿಯದು, ಇಲ್ಲದಿದ್ದರೆ 1.2 ಎಂಬಿಯದು. ಇಲ್ಲಿಯೂ ಹಳೆಯ 360ಕ್ಕೇ ಮರ್ಯಾದೆ. ನನ್ನ ರಾಶಿಯಲ್ಲಿ ಅಂಥವು ನಲವತ್ತು ಸಿಕ್ಕವು. 720ರವು ಮೂವತ್ತೇಳು. ಮಿಕ್ಕವುಗಳಲ್ಲಿ ಬಹುಪಾಲು 1.44.

ಆಮೇಲೆ ಒಂದು ತಪ್ಪು ಮಾಡಿದೆ. ಉತ್ಸಾಹದಲ್ಲಿ ಒಂದೊಂದನ್ನೇ ಫ್ಲಾಪಿ ಓದುವ ಡ್ರೈವಿಗೆ ತುರುಕಿ ಓದಿಸತೊಡಗಿದೆ. ಏಳನೆಯದನ್ನು ಹಾಕಿದಾಗ ಮರಳು ಕಾಗದ ಉಜ್ಜಿದಂತೆ ಸದ್ದು ಬಂತು. ಹೊರತೆಗೆದು ಲೋಹದ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದರೆ, ಕಂದು ತಟ್ಟೆಯ ಮೇಲೆ ಬಿಳಿ ಬೂಷ್ಟಿನ ಚುಕ್ಕೆಗಳು, ಅವುಗಳ ನಡುವೆ ಕೂದಲೆಳೆಯಷ್ಟು ಸಣ್ಣ ಉಂಗುರ. ಆ ಉಂಗುರದಲ್ಲಿ ಲೇಪನವೇ ಕಿತ್ತು ಹೋಗಿತ್ತು. ಕಿತ್ತದ್ದು ಡ್ರೈವಿನೊಳಗೆ ಓದಿ ಬರೆಯುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಎರಡು ಫ್ಲಾಪಿಗಳನ್ನೂ ಗೀರಿತು. ಮೂರನ್ನೂ ಕಳೆದುಕೊಂಡೆ. ಅಂದಿನಿಂದ ಪ್ರತಿಯೊಂದರ ಎರಡೂ ಮುಖವನ್ನು ಕಿಟಕಿಯ ಬೆಳಕಿನಲ್ಲಿ ನೋಡದೆ ಡ್ರೈವಿಗೆ ಹಾಕುವುದಿಲ್ಲ. ಬೂಷ್ಟು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತೇನೆ. ನಡುವಿನ ಗುಂಬವನ್ನು ಬೆರಳಿನಲ್ಲಿ ತಿರುಗಿಸುತ್ತಾ ಹೋದರೆ ತಟ್ಟೆಯ ಸುತ್ತೆಲ್ಲ ಕೈಗೆ ಸಿಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಡ್ರೈವಿಗೆ.

ಜನರನ್ನು ಹುಡುಕಲು ಎಸ್.ಪಿ. ರಸ್ತೆಗೆ ಹೋದೆ. ಹಳೆಯ ಬಿಡಿಭಾಗಗಳ ಅಂಗಡಿಯ ಯಜಮಾನರು ನನಗೆ ಆ ಕಾಲದಿಂದಲೂ ಪರಿಚಯ. "ಸಾರ್, ತಿಂಗಳಿಗೆ ಒಬ್ಬಿಬ್ಬರಾದರೂ ಫ್ಲಾಪಿ ಡ್ರೈವಿನ ಬೆಲ್ಟು ಕೇಳಿಕೊಂಡು ಬರುತ್ತಾರೆ, ನಿಮ್ಮ ನಂಬರು ಕೊಡುತ್ತೇನೆ" ಎಂದರು. ಎರಡು ವಾರದಲ್ಲಿ ಮೂರು ಕರೆಗಳು ಬಂದವು.

ಮೊದಲನೆಯವರು ಜಯನಗರದ ನಿವೃತ್ತ ವಿಜ್ಞಾನ ಶಿಕ್ಷಕರು. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲೆಂದು 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ದೇಶದ ಎಷ್ಟೋ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದಿದ್ದವು. ತಮ್ಮ ಶಾಲೆ ವಿಲೇವಾರಿ ಮಾಡಿದ್ದನ್ನು ಇವರು ಕೊಂಡು ಜೋಪಾನ ಮಾಡಿದ್ದರು. 360ರ ಇಪ್ಪತ್ತನ್ನು ಅವರಿಗೆ ಕೊಟ್ಟೆ. ಫಾರ್ಮ್ಯಾಟ್ ಮಾಡಿ, ಅಂದರೆ ಬರೆಯಲು ಗೆರೆ ಹಾಕಿ, ಕೊಡುತ್ತೇನೆಂದಾಗ ಅವರೇ ತಡೆದರು. ನನ್ನಲ್ಲಿದ್ದದ್ದು 1.2 ಎಂಬಿ ಡ್ರೈವ್. ಅದರ ಹೆಡ್ ಬರೆಯುವ ಗೆರೆ ಕಿರಿದು, ಹಳೆಯ ಡ್ರೈವ್ ಓದುವ ಗೆರೆ ಅಗಲ. ಅಗಲ ಗೆರೆಯ ಅಂಚಿನಲ್ಲಿ ಹಳೆಯ ಬರಹ ಉಳಿದು ಎರಡೂ ಕಲಸಿಹೋಗುತ್ತವೆ. ಅವರು ದೊಡ್ಡ ಅಯಸ್ಕಾಂತದಿಂದ ಪೂರ್ತಿ ಅಳಿಸಿ, ತಮ್ಮ ಯಂತ್ರದಲ್ಲೇ ಹೊಸದಾಗಿ ಫಾರ್ಮ್ಯಾಟ್ ಮಾಡಿಕೊಂಡರು.

ಎರಡನೆಯವನು ಅಮಿಗಾ ಇಟ್ಟುಕೊಂಡಿರುವ ಇಂಜಿನಿಯರಿಂಗ್ ಹುಡುಗ. 720ರವಕ್ಕೆ ದುಡ್ಡು ಕೊಡಲು ಬಂದ, ನಾನು ದುಡ್ಡಿನ ಬದಲು ಒಂದು ಕೆಲಸ ಮಾಡಿಕೊಡು ಎಂದೆ. ಅವನ ಬಳಿ ಗ್ರೀಸ್‌ವೀಜಲ್ ಎಂಬ ಪುಟ್ಟ ಬೋರ್ಡಿತ್ತು. ಅದು ಫ್ಲಾಪಿಯ ಮೇಲಿನ ಕಾಂತೀಯ ಏರಿಳಿತವನ್ನೇ ನೇರವಾಗಿ ದಾಖಲಿಸಿಕೊಳ್ಳುತ್ತದೆ. ಸಾಧಾರಣ ಡ್ರೈವ್ ಕೈಚೆಲ್ಲಿದ ಹನ್ನೊಂದು ಫ್ಲಾಪಿಗಳಲ್ಲಿ ಒಂಬತ್ತನ್ನು ಅವನು ಓದಿಕೊಟ್ಟ. ಅವುಗಳಲ್ಲೊಂದರಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರ ಕವನಗಳಿದ್ದವು. ದುಡ್ಡು ಹೊಂದದೆ ಅಚ್ಚಾಗದೆ ಉಳಿದ ಸಂಕಲನ ಅದು. ಕವಿ ಈಗಿಲ್ಲ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತ ತಂದ ಯೂನಿಕೋಡಿಗೂ ಹಿಂದಿನ ಅಕ್ಷರಜೋಡಣೆಯಾದ್ದರಿಂದ ಪರದೆಯ ಮೇಲೆ ಬರೀ ಗೀಚುಗಳು ಕಂಡವು. ಹಳೆಯ ಫಾಂಟ್ ಇನ್ನೊಂದು ಫ್ಲಾಪಿಯಲ್ಲೇ ಸಿಕ್ಕಿತು. ಹಾಕಿದೊಡನೆ ಗೀಚುಗಳೆಲ್ಲ ಕನ್ನಡವಾಗಿ ನಿಂತವು. ಅಚ್ಚು ತೆಗೆದು ಅವರ ಮಗಳಿಗೆ ತಲುಪಿಸಿದೆ. ಆಕೆ ಮೊದಲ ಪುಟವನ್ನು ನಿಂತಲ್ಲೇ ಓದಿದರು.

ಗಿರಾಕಿಗಳ ವಿಳಾಸ, ಜಾತಕ, ಫೋನ್ ನಂಬರುಗಳಿದ್ದ ಫ್ಲಾಪಿಗಳನ್ನು ಪೂರ್ತಿ ಅಳಿಸಿದ ನಂತರವೇ ಕೊಟ್ಟಿದ್ದೇನೆ. ಬರಿಯ ಡಿಲೀಟ್ ಸಾಲದು, ಅದು ಪಟ್ಟಿಯಿಂದ ಹೆಸರನ್ನು ಹೊಡೆದುಹಾಕುತ್ತದೆಯೇ ಹೊರತು ಕಡತವನ್ನಲ್ಲ.

ಮೂರನೆಯವರು ಹವ್ಯಾಸಿಯಲ್ಲ, ಚಿಕ್ಕಪೇಟೆಯ ಕಸೂತಿ ಯಂತ್ರದವರು. ಸೀರೆಯಂಚಿನ ಮಾವಿನಕಾಯಿ, ನವಿಲು, ಬಳ್ಳಿಯ ವಿನ್ಯಾಸಗಳು ಅವರ ಜಪಾನಿ ಯಂತ್ರಕ್ಕೆ ಇಂದಿಗೂ ಫ್ಲಾಪಿಯಿಂದಲೇ ಹೋಗುತ್ತವೆ. ಅವರಿಗೆ ಉಳಿದ 720ರವೆಲ್ಲವನ್ನೂ ಕೊಟ್ಟೆ. ಫ್ಲಾಪಿಯ ಜಾಗದಲ್ಲಿ ಪೆನ್ ಡ್ರೈವ್ ಓದಿಸುವ ಗೋಟೆಕ್ ಎಂಬ ಪೆಟ್ಟಿಗೆಯ ಬಗ್ಗೆಯೂ ಹೇಳಿದೆ. ಅವರು ತಲೆಯಾಡಿಸಿದರು, ಆದರೂ ಫ್ಲಾಪಿಗಳನ್ನು ಬಿಗಿಯಾಗಿ ಹಿಡಿದುಕೊಂಡೇ ಹೋದರು.

1.44ರವು ಇನ್ನೂ ಇನ್ನೂರರ ಮೇಲಿವೆ. ಸ್ಪೀಕರಿನಿಂದ ದೂರ, ಗಾಳಿಯಾಡದ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟಿದ್ದೇನೆ. ಮೈಸೂರಿನಿಂದ ಒಬ್ಬರು ಹಳೆಯ ವಿಪ್ರೊ ಪಿಸಿಗೆಂದು ಐವತ್ತು ಕೇಳಿದ್ದಾರೆ. ಭಾನುವಾರ ಬರುತ್ತಾರಂತೆ, ಇಂದು ರಾತ್ರಿ ಅವರ ಪಾಲನ್ನು ಬೆಳಕಿಗೆ ಹಿಡಿದು ನೋಡಬೇಕು.