ಸೋವುವವರಿಲ್ಲದೆ ಹನ್ನೊಂದು ಹುಂಜ

ಹೋದ ಸೀಸನ್ನಿನಲ್ಲಿ ಹನ್ನೊಂದು ಫೆಸೆಂಟ್ ಹುಂಜ ಹೊಡೆದೆ. ಫೆಸೆಂಟ್ ಅಂದರೆ ಕಾಡುಕೋಳಿ ಜಾತಿಯ ಉದ್ದ ಬಾಲದ ಹಕ್ಕಿ. ಸಾಕಿ ಬಿಟ್ಟವಲ್ಲ, ಬಯಲಲ್ಲಿ ತಾವಾಗಿ ಬೆಳೆದವು. ಎಲ್ಲವೂ ಸರ್ಕಾರಿ ಜಾಗದಲ್ಲಿ. ಜೊತೆಗೆ ನನ್ನ ನಾಯಿ ಚಿನ್ನಿ, ಬೇರೆ ಯಾರೂ ಇಲ್ಲ. ಅಮೆರಿಕದ ಮಿನ್ನೆಸೋಟದ ನೈಋತ್ಯ ಮೂಲೆಯಲ್ಲಿ ಇದೇನು ದೊಡ್ಡ ಲೆಕ್ಕ ಅಲ್ಲ. ಹತ್ತು ಜನ ಸೇರಿ ಹೋಗುವವರು ಒಂದೇ ವಾರಾಂತ್ಯದಲ್ಲಿ ಇದಕ್ಕಿಂತ ಜಾಸ್ತಿ ತರುತ್ತಾರೆ. ಆದರೆ ನಾನು ಹೊಡೆದ ಹನ್ನೊಂದೂ ಕೈಗೆ ಸಿಕ್ಕವು. ಒಂದೂ ಗಾಯವಾಗಿ ಜೊಂಡಿನಲ್ಲಿ ಉಳಿಯಲಿಲ್ಲ. ಅದನ್ನು ಹೇಳಿಕೊಳ್ಳೋಣ ಅಂತಲೇ ಕೂತಿದ್ದೇನೆ.

ಇದು ಆಗಲ್ಲ ಅಂದವರು ತುಂಬಾ ಜನ. ಹಾರುವ ಮಣ್ಣಿನ ಬಿಲ್ಲೆಗೆ ಗುರಿ ಹೊಡೆಯುವ ಟ್ರ್ಯಾಪ್ ಕ್ಲಬ್ಬಿನ ಹಿರಿಯರೊಬ್ಬರು ನಕ್ಕರು. ಡಿಸೆಂಬರ್ ಹುಂಜ ಹಾರುವುದಿಲ್ಲ, ಓಡುತ್ತದೆ. ನೀನು ಈ ತುದಿಯಿಂದ ನುಗ್ಗಿದರೆ ಅದು ಆ ತುದಿಯಿಂದ ಜಾರಿಕೊಳ್ಳುತ್ತದೆ, ಅಲ್ಲಿ ನಿಲ್ಲೋಕೆ ಜನ ಬೇಕು ಅಂದರು. ತೀರ್ಥಹಳ್ಳಿ ಕಡೆಯಿಂದ ಫೋನಿನಲ್ಲಿ ಅಪ್ಪಯ್ಯನದೂ ಅದೇ ಮಾತು: "ಸೋವೋಕೆ ಜನ ಇಲ್ಲ, ಬಿಲ್ಲಿಗೆ ನಿಲ್ಲೋಕೆ ಜನ ಇಲ್ಲ, ಇದೆಂಥಾ ಶಿಕಾರಿ ಮಾರಾಯ?" ಸೋವುವುದು ಅಂದರೆ ಪೊದೆ ಬಡಿದು ಪ್ರಾಣಿಯನ್ನು ಎಬ್ಬಿಸಿ ಓಡಿಸುವುದು, ಬಿಲ್ಲು ಅಂದರೆ ಅದು ಹೊರಬರುವ ಕಡೆ ಕೋವಿ ಹಿಡಿದು ಕಾಯುವ ಜಾಗ. ನಮ್ಮೂರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಶಿಕಾರಿ ಅಪರಾಧ. ಅಪ್ಪಯ್ಯನದು ಹಳೇ ನೆನಪು ಅಷ್ಟೆ. ಊರಿನಲ್ಲಿ ಇದನ್ನು ಓದುತ್ತಿರುವವರು ಕಥೆ ಅಂತ ಓದಿಕೊಳ್ಳಿ.

ಮೊದಲ ವರ್ಷ ನಾನೂ ಗುಂಪಿನಲ್ಲೇ ಹೋದೆ. ಸೌತ್ ಡಕೋಟಾ, ಮೂರು ದಿನ, ಎಲ್ಲಾ ಸೇರಿ 1,400 ಡಾಲರ್ ಹತ್ತಿರ ಆಯಿತು. ಮೆಕ್ಕೆಜೋಳದ ಹೊಲದಲ್ಲಿ ಏಳು ಜನ ಸಾಲಾಗಿ ನಡೆಯುವುದು, ನಾಲ್ಕು ಜನ ತುದಿಯಲ್ಲಿ ನಿಲ್ಲುವುದು. ಹಕ್ಕಿ ಎದ್ದರೆ ಐದು ಕೋವಿ ಒಟ್ಟಿಗೆ ಢಂ ಅನ್ನುತ್ತವೆ. ಈಡು ಯಾರದು ಅಂತ ಯಾರಿಗೂ ಗೊತ್ತಿಲ್ಲ. ಯಾರದು ಅಂತ ಗೊತ್ತಿಲ್ಲದ ಹಕ್ಕಿ ಬಿದ್ದು ಓಡಿದರೆ ಹುಡುಕುವವರೂ ಇಲ್ಲ. ಸಂಜೆ ವಾಪಸ್ ಬರುವಾಗ ಮಣ್ಣು ರಸ್ತೆಯ ಅಂಚಿನಲ್ಲಿ ಒಂದು ಹುಂಜ ಕಲ್ಲಿನ ಚೂರು ಹೆಕ್ಕುತ್ತಿತ್ತು. ಒಬ್ಬ ಇಳಿದು ನಿಂತಲ್ಲೇ ಹೊಡೆದ. ಅಲ್ಲಿ ರಸ್ತೆ ಪಕ್ಕದ ಬೇಟೆಗೆ ಕಾನೂನಿನ ಅಡ್ಡಿ ಇಲ್ಲ. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ. ಮೂರು ಹಕ್ಕಿ ಮನೆಗೆ ತಂದೆ. ಅದರಲ್ಲಿ ಖಂಡಿತ ನನ್ನದು ಅನ್ನಬಹುದಾದದ್ದು ಒಂದು.

ಎರಡನೇ ವರ್ಷ ದುಡ್ಡು ಕೊಟ್ಟು ಹೊಡೆಯುವ ಜಾಗಕ್ಕೆ ಹೋದೆ. ಹಕ್ಕಿಗೆ 30 ಡಾಲರ್. ಕೆಲಸದ ಹುಡುಗ ಹುಂಜದ ತಲೆಯನ್ನು ರೆಕ್ಕೆಯೊಳಗೆ ಮಡಚಿ, ಗಿರಗಿರ ತಿರುಗಿಸಿ, ಹುಲ್ಲಿನಲ್ಲಿ ಮಲಗಿಸಿ ಬಂದ. ಚಿನ್ನಿ ಹೋಗಿ ಅದನ್ನು ಬಾಯಲ್ಲಿ ಎತ್ತಿಕೊಂಡು ಬಂದಳು. ಅದು ಎದ್ದೂ ಇರಲಿಲ್ಲ. ಎಳೇ ನಾಯಿಗೆ ಕಲಿಸೋಕೆ ಅಂತಹ ಜಾಗ ಸರಿ, ಬೇಡ ಅನ್ನಲ್ಲ. ಅದನ್ನು ಬೇಟೆ ಅಂತ ಕರೆಯಬೇಡಿ, ಸಾಕು.

ಪ್ರಾಣಿಗೂ ತಪ್ಪಿಸಿಕೊಳ್ಳೋಕೆ ನ್ಯಾಯವಾದ ಅವಕಾಶ ಇರುವ ಬೇಟೆಗೆ ಇಲ್ಲಿ 'ಫೇರ್ ಚೇಸ್' ಅನ್ನುತ್ತಾರೆ. ಆ ಮಾತು ಬಂದರೆ ಎಲ್ಲರೂ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಅನ್ನುವ ಬೇಟೆಗಾರರ ಸಂಘದ ಹೆಸರು ಹೇಳುತ್ತಾರೆ, 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂದೆ ನಿಂತು ಕಟ್ಟಿದ್ದು. ಅದು ಕೊಂಬಿನ ದೊಡ್ಡ ಪ್ರಾಣಿಗಳಿಗೆ ಹೊಲಿದ ಅಂಗಿ. ಹಕ್ಕಿಗೆ ಬೇಕಾದ ಅಳತೆ ನಾವೇ ತೆಗೆದುಕೊಳ್ಳಬೇಕು. ಗೆಳೆಯನೊಬ್ಬ, ಫೆಸೆಂಟ್ ಹೊರಗಿನ ಹಕ್ಕಿ, 1881ರ ಸುಮಾರಿಗೆ ಶಾಂಘೈಯಿಂದ ಆರೆಗನ್‌ಗೆ ಹಡಗಿನಲ್ಲಿ ಬಂದದ್ದು, ಅದಕ್ಕೇನು ನ್ಯಾಯ ಅಂದ. ನಾನೂ ಹೊರಗಿನವನೇ ಕಣೋ ಅಂದೆ. ಸುಮ್ಮನಾದ.

ಮೂರನೇ ವರ್ಷ ಒಬ್ಬನೇ ಹೋದೆ. ಆ ವರ್ಷದ ನೋಟ್‌ಬುಕ್ ತೆಗೆದರೆ ಈಗಲೂ ನಾಚಿಕೆ. ಬೀಳಿಸಿದ್ದು ಏಳು, ಸಿಕ್ಕಿದ್ದು ನಾಲ್ಕು. ಕಾರಿನ ಬಾಗಿಲು ಧಡ್ ಅಂದ ಕೂಡಲೇ ಹುಂಜಗಳು ಹೊರಟುಬಿಡುತ್ತಿದ್ದವು. ಮೇಲಿಂದ ನಾನು ಸೀಟಿ ಊದುತ್ತಿದ್ದೆ, ಚಿನ್ನಿಯ ಹೆಸರು ಕೂಗುತ್ತಿದ್ದೆ. ಎದ್ದವು ದೂರ ಎದ್ದವು, ನಾನು ಆಸೆಗೆ 50 ಗಜಕ್ಕೂ ಹೊಡೆದೆ. ಒಂದು ಹುಂಜ ಕಾಲು ಜೋತುಬಿಟ್ಟುಕೊಂಡು ತೇಲುತ್ತಾ ಹೋಗಿ ಬೇಲಿಯಾಚೆ ಬಿತ್ತು. ಕೋವಿ ಕಾರಿನಲ್ಲಿಟ್ಟು ರೈತನ ಮನೆ ಬಾಗಿಲು ತಟ್ಟಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ನಾಯಿಯನ್ನೂ ಕರೆದುಕೊಂಡು ಬಂದರು. ಕತ್ತಲಾಗುವವರೆಗೆ ಹುಡುಕಿದೆವು. ಸಿಗಲಿಲ್ಲ. "ಅಷ್ಟು ದೂರಕ್ಕೆ ಯಾಕೆ ಹೊಡೆದೆ?" ಅಂತ ಒಂದೇ ಮಾತು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಚಳಿಗಾಲವೆಲ್ಲ, ಚರೆ ಹೇಗೆ ಹರಡುತ್ತದೆ ಅಂತ ನೋಡೋಕೆ, ರಟ್ಟಿಗೆ ಹೊಡೆದೆ. ಚರೆ ಅಂದರೆ ತೋಟೆಯೊಳಗಿನ ಸಣ್ಣ ಗುಂಡು. ನಲವತ್ತು ಹಾಳೆ ಇರಬಹುದು. ಫೆಡರಲ್ ವಾಟರ್‌ಫೌಲ್ ಜಾಗಗಳಲ್ಲಿ, ಅಂದರೆ ಕೇಂದ್ರ ಸರ್ಕಾರ ನೀರುಹಕ್ಕಿಗಳಿಗೆಂದು ಕಾಯ್ದಿಟ್ಟ ಕಡೆ, ಸೀಸದ ಚರೆ ನಡೆಯಲ್ಲ, ಹಾಗಾಗಿ ಸ್ಟೀಲ್. ನನ್ನ ಕೋವಿಯಲ್ಲಿ 30 ಗಜದವರೆಗೆ ಚರೆ ಒತ್ತಾಗಿ ಬೀಳುತ್ತದೆ. 40 ದಾಟಿದರೆ ಹಾಳೆಯ ನಡುವೆ ಒಂದು ಹುಂಜ ನುಸುಳುವಷ್ಟು ಖಾಲಿ. ಬಿಸ್ಮತ್ ಅನ್ನುವ ಲೋಹದ ಚರೆ ಇರುವ ತೋಟೆ ತಂದು ನೋಡಿದೆ, ಚೆನ್ನಾಗಿದೆ. ಆದರೆ ಒಂದಕ್ಕೆ ಮೂರು ಡಾಲರ್ ಹತ್ತಿರ. ವಾಪಸ್ ಸ್ಟೀಲ್‌ಗೇ ಬಂದೆ, 30 ಗಜ ಅಂತ ಗೆರೆ ಎಳೆದುಕೊಂಡೆ. ಮೊದಲನೆಯದು ಕೈಗೆ ಬರದೆ ಎರಡನೆಯದಕ್ಕೆ ಕೋವಿ ಎತ್ತುವುದಿಲ್ಲ ಅಂತಲೂ ಅಂದುಕೊಂಡೆ. ಈ ಎರಡನೆಯದು ಕಷ್ಟ. ಚಿನ್ನಿ ಒಂದನ್ನು ಹುಡುಕುತ್ತಿರುವಾಗ ಕಾಲ ಬುಡದಿಂದ ಇನ್ನೊಂದು ಕೊಕ್ಕೊಕ್ಕೊ ಅಂತ ಎದ್ದು ಹೋಗುವುದನ್ನು ಸುಮ್ನೆ ನೋಡಬೇಕು. ಹೋದ ವರ್ಷ ಹಾಗೆ ಆರಾದರೂ ಹೋದವು.

ನಿಜವಾಗಿ ಬದಲಾದದ್ದು ನಡಿಗೆ. ಕಾರನ್ನು 300 ಗಜ ಹಿಂದೆಯೇ ನಿಲ್ಲಿಸುತ್ತೇನೆ. ಬಾಗಿಲು ಒತ್ತಿ ಮುಚ್ಚುತ್ತೇನೆ. ಸೀಟಿ ಮನೆಯಲ್ಲಿ. ಚಿನ್ನಿಗೆ ಕೈಸನ್ನೆ ಮಾತ್ರ, ಇದಕ್ಕೆ ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಗಾಳಿಗೆ ಮುಖ ಕೊಟ್ಟು ಹೊಕ್ಕುತ್ತೇನೆ. ಸ್ವಲ್ಪ ನಡೆದು ನಿಲ್ಲುವುದು, ಮತ್ತೆ ನಡೆದು ನಿಲ್ಲುವುದು. ನಡೆಯುವ ಸದ್ದಿಗೆ ಹುಂಜ ಹೆದರಲ್ಲ, ಆ ಸದ್ದು ನಿಂತರೆ ಅದಕ್ಕೆ ತಡೆಯೋಕಾಗಲ್ಲ. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ನನಗೂ ಚಿನ್ನಿಗೂ ಇರುವ ಗುಟ್ಟು, ಕೇಳಬೇಡಿ.

ಬಿಲ್ಲಿಗೆ ಜನ ಇಲ್ಲ ಅಂದರಲ್ಲ, ಆ ಕೆಲಸ ನೆಲಕ್ಕೇ ಬಿಟ್ಟೆ. ಜೊಂಡು ಎಲ್ಲಿ ಸಣ್ಣಗಾಗುತ್ತಾ ಹೋಗಿ ಉತ್ತ ಹೊಲಕ್ಕೋ ಬರೀ ಮಂಜುಗಡ್ಡೆಗೋ ಮುಟ್ಟುತ್ತದೋ, ಆ ಕಡೆಗೆ ನಿಧಾನ ತಳ್ಳುವುದು. ಬಯಲಿನಲ್ಲಿ ಓಡೋಕೆ ಹುಂಜಕ್ಕೆ ಇಷ್ಟ ಇಲ್ಲ. ತುದಿ ಮುಟ್ಟಿದರೆ ಕೂರುತ್ತದೆ, ಇಲ್ಲ ಏಳುತ್ತದೆ. ಹನ್ನೊಂದರಲ್ಲಿ ಎಂಟು ಇಂತಹ ಮೂಲೆಗಳಲ್ಲೇ ಸಿಕ್ಕಿದ್ದು, ಎಲ್ಲವೂ 25 ಗಜದೊಳಗೆ. ಅಪ್ಪಯ್ಯನಿಗೆ ಹೇಳಿದೆ. "ಹೋ, ಹಾಗೋ" ಅಂದರು. ಅವರ ಬಾಯಲ್ಲಿ ಅದು ಸರ್ಟಿಫಿಕೇಟ್.

ನಡುವೆ ಒಂದು ಬೇಡದ ಪ್ರಯೋಗವನ್ನೂ ಮಾಡಿದೆ. ಚಿನ್ನಿ ಕೊರಳಿಗೆ ಗಂಟೆ ಕಟ್ಟಿದೆ, ಊರಿನ ಹಸುವಿನ ಹಾಗೆ. ಎರಡು ದಿನ ಒಂದು ರೆಕ್ಕೆಯೂ ಕಾಣಲಿಲ್ಲ. ಬಿಚ್ಚಿ ಎಸೆದೆ. ಇನ್ನೊಂದು ಉಪಯೋಗಕ್ಕೆ ಬಂತು. ಹೊಡೆದ ಪ್ರತಿ ಹುಂಜದ ಕಾಳಿನ ಚೀಲ ಬಿಡಿಸಿ ನೋಡುತ್ತೇನೆ. ಅಕ್ಟೋಬರ್‌ನಲ್ಲಿ ಮಿಡತೆ, ಸೋಯಾ, ಕಳೆಬೀಜ. ಡಿಸೆಂಬರ್‌ನಲ್ಲಿ ಬರೀ ಜೋಳ. ಹಾಗಾಗಿ ಚಳಿ ಏರಿದಮೇಲೆ ಕೊಯ್ದ ಜೋಳದ ಹೊಲ ಪಕ್ಕದಲ್ಲಿಲ್ಲದ ಜೊಂಡಿನ ಕಡೆ ಕಾಲೇ ಹಾಕಲ್ಲ.

ಸಂಜೆಯ ಕೊನೇ ಗಂಟೆ ಎಲ್ಲಕ್ಕಿಂತ ಒಳ್ಳೆಯದು, ಗೊತ್ತೇ ಇದೆ. ಹೊಟ್ಟೆ ತುಂಬಿಸಿಕೊಂಡು ಮಲಗೋಕೆ ಬರುತ್ತವೆ. ಕಾನೂನು ಸೂರ್ಯ ಮುಳುಗುವವರೆಗೆ ಬಿಡುತ್ತದೆ. ನಾನು ಅರ್ಧ ಗಂಟೆ ಮೊದಲೇ ಹೊರಗೆ ಬರುತ್ತೇನೆ. ಹಿಮಗಾಳಿ ಬೀಸಿದ ಮರುದಿನವಂತೂ ಹೋಗುವುದೇ ಇಲ್ಲ. ಇಲ್ಲಿ ಹೊಡೆಯೋಕೆ ಬಿಡುವುದು ಹುಂಜ ಮಾತ್ರ. ಒಂದು ಹುಂಜ ಹಲವು ಹೇಟೆಗಳಿಗೆ ಸಾಕು, ಅದಕ್ಕೆ. ಆದರೆ ಜೊಂಡಿನಲ್ಲಿ ಹುಂಜದ ಜೊತೆ ಹೇಟೆಗಳೂ ಕೂತಿರುತ್ತವೆ. ಮೈನಸ್ 20ರ ಚಳಿಗೆ ಅವನ್ನು ಬಯಲಿಗೆ ಎಬ್ಬಿಸಿದರೆ ಒಂದೂ ಈಡು ಹೊಡೆಯದೆ ಕೊಂದ ಹಾಗೆ. ಕ್ಲಬ್ಬಿನಲ್ಲಿ ಇದಕ್ಕೂ ನಗುತ್ತಾರೆ, ನಗಲಿ.

ವೀಸಾದಲ್ಲಿರುವ ಹುಡುಗರು ನಾವೂ ಬೇಟೆಗೆ ಬರಬಹುದಾ ಅಂತ ಆಗಾಗ ಕೇಳುತ್ತಾರೆ. ಎಚ್-1ಬಿ ಇದ್ದರೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಗೆ ಬರುವವರೆಗೆ ಕೋವಿ ಮುಟ್ಟಬೇಡಿ. ಅದು ಫೆಡರಲ್ ಕಾನೂನು, ತಮಾಷೆ ಅಲ್ಲ.

ದುಡ್ಡಿನ ಮಾತು. ಲೈಸೆನ್ಸ್, ಫೆಸೆಂಟ್ ಬೇಟೆಗೆ ಬೇಕಾದ ಸ್ಟ್ಯಾಂಪ್ ಸೇರಿ 30 ಡಾಲರ್. ಪೆಟ್ರೋಲ್ 900 ಇರಬಹುದು. ತೋಟೆ 200. ಮುಳ್ಳುತಂತಿ ತಾಗಿ ಚಿನ್ನಿಯ ಎದೆಗೆ ಹೊಲಿಗೆ ಹಾಕಿಸಿದ್ದು 480. ಹುಂಜಕ್ಕೆ 146 ಡಾಲರ್ ಬಿತ್ತು. ಆ ದುಡ್ಡಿಗೆ ಕಾಸ್ಟ್‌ಕೋ ಅಂಗಡಿಯಲ್ಲಿ ಸುಟ್ಟ ಕೋಳಿ ಇಪ್ಪತ್ತೊಂಬತ್ತು ಬರುತ್ತಿತ್ತು ಅಂತ ಹೆಂಡತಿ ಲೆಕ್ಕ ಹೇಳಿದಳು. ಆದರೂ ಕೊನೇ ಹುಂಜವನ್ನು ಅವಳೇ ಮೆಣಸು ಜಾಸ್ತಿ ಹಾಕಿ ಸಾರು ಮಾಡಿದಳು, ಕಡುಬಿನ ಜೊತೆ. ಎರಡನೇ ತುತ್ತಿಗೇ ಒಂದು ಸ್ಟೀಲ್ ಚರೆ ಕಟ್ ಅಂತ ಸಿಕ್ಕಿ ದವಡೆ ಹಲ್ಲು ಸೀಳಿತು. ಹಲ್ಲಿನ ಡಾಕ್ಟರ್ 1,100 ತೆಗೆದುಕೊಂಡರು. ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಲ್ಲ.