ಟ್ಯೂನ್ ನನ್ನದು, ಕಾಗದ ಎಲ್ಲಿ?

1996ರಲ್ಲಿ ನಮ್ಮೂರ ಜಾತ್ರೆಗೆಂದು ಎಂಟು ಭಕ್ತಿಗೀತೆಗಳಿಗೆ ಟ್ಯೂನ್ ಹಾಕಿದ್ದೆ. ಕ್ಯಾಸೆಟ್ ಬಂದ ಹದಿನೈದೇ ದಿನಕ್ಕೆ ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಅದರ ನಕಲು ನೇತಾಡುತ್ತಿತ್ತು. ಹೊಟ್ಟೆ ಉರಿಯಿತು. ಕ್ಯಾಸೆಟ್ ತಂದ ಕಂಪನಿಯವರನ್ನು ಕೇಳಿದರೆ, ‘ಹಕ್ಕು ನಮ್ಮದು, ನೀವೇ ಸಹಿ ಹಾಕಿದ್ದೀರಲ್ವಾ, ನಾವು ನೋಡ್ಕೋತೀವಿ ಬಿಡಿ’ ಅಂದರು. ನಿಜ. ಸ್ಟುಡಿಯೋದಲ್ಲಿ ಒಂದು ಹಾಳೆಗೆ ಓದದೇ ಸಹಿ ಹಾಕಿ ಇಡಿಗಂಟು ಹಣ ತಗೊಂಡಿದ್ದೆ, ಅದರ ಜೆರಾಕ್ಸ್ ಕೂಡ ಇಟ್ಟುಕೊಂಡಿರಲಿಲ್ಲ. ನಕಲು ನಿಂತಿದ್ದರೂ ನನಗೆ ಒಂದು ರೂಪಾಯಿ ಬರುತ್ತಿರಲಿಲ್ಲ.

2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಯಿತು. ಹಕ್ಕು ಬರೆದುಕೊಟ್ಟರೂ ಸಂಗೀತ ಮಾಡಿದವರ, ಸಾಹಿತ್ಯ ಬರೆದವರ ರಾಯಲ್ಟಿ (ಹಾಡು ಬಳಕೆಯಾದಾಗ ಬರುವ ಹಣ) ಪಾಲನ್ನು ಕಂಪನಿ ಬರೆಸಿಕೊಳ್ಳುವ ಹಾಗಿಲ್ಲ. ಅದನ್ನು ಓದಿದ ಮೇಲೆ ನಾನು ಹಾಡು ಕಟ್ಟಿದವರ ಪರ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯನಾದೆ, ಹಾಡುಗಳನ್ನು ಒಂದೊಂದಾಗಿ ಅಲ್ಲಿ ಬರೆಸಿದೆ. ಮೊದಲ ಸಲ ಖಾತೆಗೆ ಹಣ ಬಂದ ದಿನ ಸಾಹಿತ್ಯ ಬರೆದ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೂ ಬಂದಿತ್ತು. ಇಬ್ಬರಿಗೂ ಮಾತೇ ಹೊರಡಲಿಲ್ಲ.

ಈಗಿನ ಕಳ್ಳತನ ಬೇರೆ ಥರ. ನನ್ನ ಟ್ರ್ಯಾಕ್ ಮೇಲೆ ಬೇರೆಯವರಿಂದ ಹಾಡಿಸಿ ಯಾರೋ ತಮ್ಮದೆಂದು ನೋಂದಾಯಿಸಿದ್ದರು. ಆಮೇಲೆ ನನ್ನದೇ ಹಾಡನ್ನು ನಾನು ಯೂಟ್ಯೂಬಿಗೆ ಹಾಕಿದರೆ ನನ್ನ ಮೇಲೇ ಕ್ಲೈಮ್ ಬಂತು, ಅಂದರೆ ‘ಈ ಹಾಡು ನಮ್ಮದು’ ಅನ್ನುವ ತಕರಾರು! ಅದು ತಪ್ಪು ಅಂತ ಯೂಟ್ಯೂಬಿನಲ್ಲೇ ಡಿಸ್ಪ್ಯೂಟ್ ಹಾಕಿದೆ. ಉತ್ತರ ಕೊಡಲು ಕ್ಲೈಮ್ ಹಾಕಿದವರಿಗೆ 30 ದಿನ ಇರುತ್ತದೆ. ನನ್ನ ಹತ್ತಿರ ತಾರೀಖು ಹಾಕಿದ ಸ್ವರಗಳ ಪುಸ್ತಕ, ಸ್ಟುಡಿಯೋ ಬಿಲ್ಲು, ಗಾಯಕಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಗುನುಗು ಎಲ್ಲಾ ಇತ್ತು, ಅದನ್ನೆಲ್ಲ ವಿವರವಾಗಿ ಬರೆದಿದ್ದೆ. ಹತ್ತೊಂಬತ್ತನೇ ದಿನ ಕ್ಲೈಮ್ ವಾಪಸ್ ತಗೊಂಡರು.

ಹಾಗಾಗಿ ಈಗ ಟ್ಯೂನ್ ಹೊಳೆದ ತಕ್ಷಣ ಫೋನಿನಲ್ಲಿ ಹಾಡಿ ಇಟ್ಟುಕೊಳ್ಳುತ್ತೇನೆ. ಮುಖ್ಯವಾದ ಹಾಡಾದರೆ ಕಾಪಿರೈಟ್ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸುತ್ತೇನೆ, ಒಂದು ಕೃತಿಗೆ 500 ರೂಪಾಯಿ. ನೋಂದಣಿ ಕಡ್ಡಾಯ ಅಲ್ಲ, ಹಾಡು ಕಟ್ಟಿದಾಗಲೇ ಹಕ್ಕು ಹುಟ್ಟುತ್ತದೆ, ಆದರೆ ಜಗಳ ಬಂದಾಗ ಆ ಕಾಗದ ನಮ್ಮ ಪರ ನಿಲ್ಲುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರುವುದು ಒಪ್ಪಂದದ ಮುಂದೆ. ಹಕ್ಕು ಎಷ್ಟು ವರ್ಷಕ್ಕೆ ಕೊಟ್ಟಿದ್ದು ಅಂತ ಬರೆಯದೇ ಇದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಕಂಪನಿಗಳು ‘ಶಾಶ್ವತವಾಗಿ, ಪ್ರಪಂಚದಾದ್ಯಂತ’ ಅಂತ ಮೊದಲೇ ಟೈಪ್ ಮಾಡಿಸಿ ತರುತ್ತವೆ. ಮೊನ್ನೆ ಬಂದ ಹಾಳೆಯಲ್ಲಿ ‘ಶಾಶ್ವತವಾಗಿ’ ಅನ್ನುವುದನ್ನು ಹೊಡೆದು ‘5 ವರ್ಷ’ ಅಂತ ಬರೆದೆ. ಹಾಳೆ ತಂದಿದ್ದ ಕಂಪನಿಯ ಹುಡುಗ ಸುಮ್ನೆ ತಗೊಂಡು ಹೋದ. ಎರಡು ದಿನ ಬಿಟ್ಟು ‘7 ವರ್ಷ’ ಅಂತ ತಿದ್ದಿ ತಂದ. ಪೂರ್ತಿ ಓದಿ ಸಹಿ ಹಾಕಿದೆ, ಒಂದು ಪ್ರತಿ ಬೀರುವಿನಲ್ಲಿಟ್ಟೆ.